ಟೈನಿ ಟೈಟನ್ಸ್: ಅಕ್ಷರ ಕೂಡಿಸಿ ಓದುವ ಮಕ್ಕಳಿಗೆ ಸೂಪರ್‌ಹೀರೋಗಳು

ನಿಮ್ಮ ಮಗು ಈಗಷ್ಟೇ ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಿದ್ದರೆ, ಸ್ಕೂಲಿನ ರೀಡರ್ ಪುಸ್ತಕ ಕಂಡರೆ ಓಡಿಹೋಗುತ್ತಿದ್ದರೆ, ಟೈನಿ ಟೈಟನ್ಸ್ ಅನ್ನೋ ಈ ಕಾಮಿಕ್ಸ್ ಕೊಟ್ಟು ನೋಡಿ. ನಮ್ಮ ಮನೆಯಲ್ಲಿ ಕೆಲಸ ಮಾಡಿದೆ.

ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್ ಕಾಮಿಕ್ಸ್ ತರುವ ಅಮೆರಿಕದ ಡಿಸಿ ಕಂಪನಿಯವರದ್ದು. ಮಾಡಿದವರು ಆರ್ಟ್ ಬಾಲ್ಟಜಾರ್ ಮತ್ತು ಫ್ರಾಂಕೊ. 2008ರಿಂದ 2012ರವರೆಗೆ 50 ಸಂಚಿಕೆ ಬಂತು. ಕಾಮಿಕ್ಸ್‌ಗೆಂದೇ ಅಮೆರಿಕದಲ್ಲಿ ಕೊಡುವ ಐಸ್ನರ್ ಪ್ರಶಸ್ತಿಯೂ ಮಕ್ಕಳ ವಿಭಾಗದಲ್ಲಿ ಬಂದಿದೆ, 2009ರಲ್ಲಿ ಒಮ್ಮೆ, 2011ರಲ್ಲಿ ಇನ್ನೊಮ್ಮೆ. ಹಾಸನದ ಬಿ.ಎಂ. ರಸ್ತೆ ಕಡೆ ಅಂಗಡಿಗಳಲ್ಲಿ ಕೇಳಿದೆ. ಗೈಡು, ಕಾಪಿ ರೈಟಿಂಗ್, ಬಣ್ಣ ಹಚ್ಚುವ ಪುಸ್ತಕ ತೋರಿಸಿದರು. ಕೊನೆಗೆ ಮೊದಲ ಸಂಪುಟ ಆನ್‌ಲೈನಲ್ಲೇ ತರಿಸಿದೆ. ಬೆಲೆ ಸ್ವಲ್ಪ ಜಾಸ್ತೀನೇ.

ಡಿಸಿಯ ಸೂಪರ್‌ಹೀರೋಗಳಾದ ರಾಬಿನ್, ರೇವನ್, ಸ್ಟಾರ್‌ಫೈರ್, ಬೀಸ್ಟ್ ಬಾಯ್ ಎಲ್ಲರೂ ಇದರಲ್ಲಿ ಪ್ರೈಮರಿ ಸ್ಕೂಲ್ ಮಕ್ಕಳು. ದೊಡ್ಡವರ ಕಾಮಿಕ್ಸಿನ ಭಯಂಕರ ವಿಲನ್‌ಗಳೇ ಇಲ್ಲಿ ಸ್ಕೂಲ್ ನಡೆಸುತ್ತಾರೆ. ಸ್ಲೇಡ್ ಪ್ರಿನ್ಸಿಪಾಲ್. ಡಾರ್ಕ್‌ಸೈಡ್ ಊಟ ಬಡಿಸುತ್ತಾನೆ. ರೇವನ್‌ಳ ಅಪ್ಪ ಟ್ರೈಗಾನ್, ಕೆಂಪು ಮೈಯ ರಾಕ್ಷಸ, ಮೇಷ್ಟ್ರು ರಜ ಹಾಕಿದಾಗ ಅವಳ ಕ್ಲಾಸಿಗೇ ಪಾಠಕ್ಕೆ ಬರುತ್ತಾನೆ. ನಮ್ಮ ಯಜಮಾನರು ಮಗಳ ಸ್ಕೂಲಲ್ಲೇ ಮೇಷ್ಟ್ರು. ಅವಳು ಆ ಪುಟ ನೋಡಿ, "ಅಮ್ಮಾ, ಪಾಪ ಕಣಮ್ಮ ರೇವನ್ನು" ಅಂದಳು. ಯಾರೂ ವಿವರಿಸಬೇಕಾಗಲಿಲ್ಲ. ಓದಿದ್ದು ಅರ್ಥವಾಗಿದೆ ಅನ್ನೋದಕ್ಕೆ ಇನ್ನೇನು ಬೇಕು?

ಕಥೆಗಳು ತುಂಬಾ ಚಿಕ್ಕವು, ಕೆಲವು ಒಂದೆರಡು ಪುಟಕ್ಕೇ ಮುಗಿಯುತ್ತವೆ. ಒಂದು ಮಾತಿನ ಗುಳ್ಳೆಯಲ್ಲಿ ನಾಲ್ಕೈದು ಪದ, ಕೆಲವು ಚಿತ್ರದ ಚೌಕದಲ್ಲಿ ಮಾತೇ ಇಲ್ಲ. ನನಗೆ ಹೆಚ್ಚು ಇಷ್ಟವಾಗಿದ್ದು ಆ ಮಾತಿಲ್ಲದ ಚೌಕಗಳು. ಮಗು ಅಲ್ಲಿ ಉಸಿರು ತಗೊಳ್ಳುತ್ತೆ, ಮುಖ ನೋಡುತ್ತೆ, ಮುಂದೇನು ಅಂತ ಊಹಿಸುತ್ತೆ. ಬೀಸ್ಟ್ ಬಾಯ್‌ಗೆ ಟೆರಾ ಅನ್ನೋ ಹುಡುಗಿ ಅಂದರೆ ಪ್ರಾಣ. ಅವಳು ಅವನಿಗೆ ಕಲ್ಲು ಬೀರುತ್ತಾಳೆ. ಈ ತಮಾಷೆ ಮತ್ತೆ ಮತ್ತೆ ಬರುತ್ತೆ. ಹಾಗಾಗಿ ಅವೇ ಹೆಸರು, ಅವೇ ಪದ ಕಣ್ಣಿಗೆ ಬಿದ್ದೂ ಬಿದ್ದೂ ಗಟ್ಟಿಯಾಗುತ್ತವೆ. ಸೈಬಾರ್ಗ್ (Cyborg) ಅನ್ನೋ ಇನ್ನೊಬ್ಬ ಹೀರೋ ಹೆಸರನ್ನು ಮಗಳು ಮೊದಲು "ಕೈಬಾರ್ಗ್" ಅಂತ ಓದಿದಳು. ಸಿ ಅಕ್ಷರ ಒಮ್ಮೆ ಕ, ಒಮ್ಮೆ ಸ ಆಗುತ್ತೆ ಅನ್ನೋದು ಅವಳಿಗೆ ಆ ಹೆಸರಿನಿಂದಲೇ ತಲೆಗೆ ಹೋಯಿತು.

ಒಂದು ತೊಂದರೆ ಇದೆ. ಮಾತೆಲ್ಲ ದೊಡ್ಡಕ್ಷರದಲ್ಲಿದೆ (ಕ್ಯಾಪಿಟಲ್), ಕಾಮಿಕ್ಸ್‌ಗಳ ರೂಢಿಯೇ ಅದು. ಸ್ಕೂಲಲ್ಲಿ ಓದುವುದು ಸಣ್ಣಕ್ಷರ. ಇದೊಂದನ್ನೇ ಕೊಟ್ಟರೆ ಸಾಲದು. ಓದಲು ಕಲಿಯುವ ಮಕ್ಕಳಿಗೆಂದೇ ಇರುವ ಐ ಕ್ಯಾನ್ ರೀಡ್ ಪುಸ್ತಕ ಸರಣಿಯ ಎರಡನೇ ಹಂತದಲ್ಲಿ ಬ್ಯಾಟ್‌ಮ್ಯಾನ್ ಪುಸ್ತಕಗಳಿವೆ. ಅವುಗಳಲ್ಲಿ ಪೂರ್ತಿ ವಾಕ್ಯ, ಸಣ್ಣಕ್ಷರ ಎರಡೂ ಸಿಗುತ್ತೆ. ನಗು ಕಮ್ಮಿ, ಅಭ್ಯಾಸಕ್ಕೆ ಒಳ್ಳೆಯದು. ಇದು ಮುಗಿದ ಮೇಲೆ ಅದು ಅಂತ ಇಟ್ಟುಕೊಳ್ಳಿ. ಇನ್ನೊಂದು, ಹಳೆಯ ಡಿಸಿ ಕಥೆ ಗೊತ್ತಿಲ್ಲದಿದ್ದರೆ ಕೆಲವು ಜೋಕು ಹಾರಿಹೋಗುತ್ತವೆ. ಮಕ್ಕಳಿಗೆ ಅದರಿಂದ ಏನೂ ಬೇಜಾರಿಲ್ಲ. ಹೊಡೆದಾಟ, ರಕ್ತ ಇಲ್ಲವೇ ಇಲ್ಲ.

ಕನ್ನಡದಲ್ಲಿ ಇಂಥದ್ದು ಬೇಕು ಅಂತ ನನಗೆ ನಿಜವಾಗಲೂ ಆಸೆ. ನಾವೆಲ್ಲ ಬಾಲಮಂಗಳದ ಡಿಂಗನನ್ನು ಓದಿ ಬೆಳೆದವರು, ಅಲ್ವಾ? ಆದರೆ ಅದು ಸರಾಗವಾಗಿ ಓದೋ ಮಕ್ಕಳಿಗೆ. ಕಾಗುಣಿತ ಮುಗಿಸಿ ಒತ್ತಕ್ಷರದ ಹತ್ತಿರ ತಡವರಿಸುವ ಮಗುವಿಗೆ ಹಾರುವ ಹೀರೋ ಸಿಗೋದಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಒಂದನೇ ಹಂತದ ಕನ್ನಡ ಪುಸ್ತಕಗಳು ಪುಕ್ಕಟೆ ಇವೆ, ಚೆನ್ನಾಗೂ ಇವೆ. ಸದ್ಯಕ್ಕೆ ಟೈಟನ್ಸ್ ಜೊತೆ ಅವನ್ನೂ ಓದಿಸುತ್ತಿದ್ದೇನೆ. ಚಿತ್ರ ಬರೆಯೋರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಯೋಚಿಸಿ. ಒತ್ತಕ್ಷರ ಕಮ್ಮಿ ಇರಲಿ, ಒಂದು ಗುಳ್ಳೆಗೆ ಮೂರು ಪದ ಸಾಕು.