ಗಂಟು, ಮಷಿನ್, ಕೌದಿ: ಮನೆಯಲ್ಲೇ ಮಾಡಿದ ಫ್ಲೀಸ್ ಹೊದಿಕೆಗಳಲ್ಲಿ ಯಾವುದು ಬಾಳುತ್ತದೆ?

ಫ್ಲೀಸ್ ಬಟ್ಟೆ ತಂದು ಮನೆಯಲ್ಲೇ ಹೊದಿಕೆ ಮಾಡಬೇಕೆಂದರೆ ನನಗೆ ಗೊತ್ತಿರುವ ದಾರಿ ಮೂರು. ಎರಡು ಪದರ ಇಟ್ಟು ಅಂಚು ಸೀಳಿ ಗಂಟು ಹಾಕುವುದು, ಒಂದೇ ಪದರಕ್ಕೆ ಮಷಿನ್ನಿನಲ್ಲಿ ಅಂಚು ಹೊಲಿಯುವುದು, ಹಿಂಬದಿಗೆ ಹಳೆ ಹತ್ತಿ ಸೀರೆ ಕೊಟ್ಟು ಕೌದಿಯ ಹಾಗೆ ಕೈಯಲ್ಲಿ ಹೊಲಿಯುವುದು. ಮೂರನ್ನೂ ಮಾಡಿ, ಮನೆಯವರೆಲ್ಲ ಹೊದ್ದು, ಒಗೆದು ಒಣಗಿಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ. ನನ್ನ ಒಲವು ಮೂರನೆಯದರ ಕಡೆಗೆ. ಆದರೆ ಮೊದಲೆರಡಕ್ಕೂ ಅವುಗಳದೇ ಜಾಗವಿದೆ.

ಮೊದಲು ಬಟ್ಟೆಯ ಮಾತು. ಫ್ಲೀಸ್ ನೇಯ್ದ ಬಟ್ಟೆಯಲ್ಲ, ಪಾಲಿಯೆಸ್ಟರ್ ನೂಲಿನಲ್ಲಿ ಹೆಣೆದದ್ದು. ಹೆಣೆದ ಮೇಲೆ ಬ್ರಷ್‌ನಿಂದ ಉಜ್ಜಿ ನವಿರೆಬ್ಬಿಸಿ, ಆ ನವಿರನ್ನು ಸಮವಾಗಿ ಕತ್ತರಿಸುತ್ತಾರೆ. ಅಮೆರಿಕದ ಮಾಲ್ಡನ್ ಮಿಲ್ಸ್ 1979ರಲ್ಲಿ ಇದನ್ನು ಉಣ್ಣೆಗೆ ಬದಲಿಯಾಗಿ ತಂದಿತು. ಹೆಣಿಗೆಯಾದ್ದರಿಂದ ಎಲ್ಲಿ ಕತ್ತರಿಸಿದರೂ ಅಂಚಿನಿಂದ ಎಳೆ ಬಿಚ್ಚಿಕೊಳ್ಳುವುದಿಲ್ಲ. ಹೊಲಿಗೆಯೇ ಇಲ್ಲದ ಹೊದಿಕೆ ಸಾಧ್ಯವಾಗುವುದು ಇದೊಂದೇ ಗುಣದಿಂದ. ಅದೇ ಹೆಣಿಗೆಯಿಂದಾಗಿ ಬಟ್ಟೆ ಅಡ್ಡಕ್ಕೆ ಜಗ್ಗುತ್ತದೆ ಕೂಡ, ಹೊಲಿಯುವವರಿಗೆ ತೊಂದರೆ ಕೊಡುವುದು ಅದೇ.

ಅಂಗಡಿಯಲ್ಲಿ ಪನ್ನಾ, ಅಂದರೆ ಬಟ್ಟೆಯ ಅಗಲ, ಸಾಮಾನ್ಯವಾಗಿ 58ರಿಂದ 60 ಇಂಚು. ‘ಆಂಟಿ-ಪಿಲ್’ ಎಂದು ಕೇಳಿ ತನ್ನಿ. ಕೊಳ್ಳುವ ಮೊದಲು ಒಂದು ಮೂಲೆಯನ್ನು ಎರಡು ಬೆರಳ ನಡುವೆ ಚೆನ್ನಾಗಿ ತಿಕ್ಕಿ. ಅಲ್ಲೇ ಸಣ್ಣ ಸಣ್ಣ ಉಂಡೆ ಎದ್ದರೆ ಆ ಬಟ್ಟೆ ಬೇಡ. ಉಲ್ಟಾ-ಸೀದಾ ಗೊತ್ತಾಗದಿದ್ದರೆ ಕತ್ತರಿಸಿದ ಅಂಚನ್ನು ಪನ್ನಾದ ದಿಕ್ಕಿಗೆ ಎಳೆಯಿರಿ. ಅದು ಉಲ್ಟಾ ಬದಿಗೆ ಸುರುಳಿಯಾಗುತ್ತದೆ. ದಪ್ಪವನ್ನು ಜಿಎಸ್ಎಂ ಲೆಕ್ಕದಲ್ಲಿ ಹೇಳುತ್ತಾರೆ. 300 ಜಿಎಸ್ಎಂ ಅಂದರೆ ಒಂದು ಚದರ ಮೀಟರಿಗೆ 300 ಗ್ರಾಂ. ಒಂದೂವರೆ ಮೀಟರಿನ ತುಂಡು ಸುಮಾರು 650 ಗ್ರಾಂ ತೂಗುತ್ತದೆ.

ಗಂಟಿನ ಹೊದಿಕೆಗೆ ಇಂಥ ಎರಡು ತುಂಡು ಬೇಕು, ಅಂದರೆ ಖರ್ಚು ಇಮ್ಮಡಿ, ತೂಕ 1.3 ಕೆಜಿ. ಗಟ್ಟಿ ಅಂಚುಗಳನ್ನು ಕತ್ತರಿಸಿ ತೆಗೆದು ಎರಡನ್ನೂ 56 ಇಂಚಿನ ಚೌಕ ಮಾಡಿ, ಉಲ್ಟಾ ಬದಿಗಳು ಒಳಗೆ ಬರುವಂತೆ ಒಂದರ ಮೇಲೊಂದು ಹಾಸಿ. ನಾಲ್ಕೂ ಮೂಲೆಯಿಂದ 4 ಇಂಚಿನ ಚೌಕ ಕತ್ತರಿಸಿ ಬಿಡಿ. ಆಮೇಲೆ ಸುತ್ತಲೂ 4 ಇಂಚು ಉದ್ದ, ಒಂದೂವರೆ ಇಂಚು ಅಗಲದ ಪಟ್ಟಿಗಳಾಗಿ ಸೀಳಿ, ಮೇಲಿನ ಪಟ್ಟಿಗೆ ಕೆಳಗಿನದನ್ನು ಸೇರಿಸಿ ಗಂಟು ಹಾಕಬೇಕು. ಒಂದು ಬದಿಗೆ 32, ಒಟ್ಟು 128 ಗಂಟು. ಪಟ್ಟಿಯ ಅಗಲ ಒಂದಿಂಚಿಗೆ ಇಳಿಸಿದರೆ 192 ಆಗುತ್ತದೆ, ಚಂದವೇನೂ ಹೆಚ್ಚುವುದಿಲ್ಲ, ಬೆರಳು ಮಾತ್ರ ನೋಯುತ್ತವೆ.

ಇದರ ದೊಡ್ಡ ಗುಣವೆಂದರೆ ಸೂಜಿ ಹಿಡಿಯಲು ಬಾರದ ಎಂಟು-ಹತ್ತು ವರ್ಷದ ಮಕ್ಕಳೂ ಮಾಡಬಹುದು. ಕತ್ತರಿ ದೊಡ್ಡವರ ಕೈಯಲ್ಲಿರಲಿ, ಗಂಟು ಮಕ್ಕಳಿಗೆ ಬಿಡಿ. ಕಷ್ಟದಲ್ಲಿರುವ ಮಕ್ಕಳಿಗೆ ಕೈಯಲ್ಲಿ ಮಾಡಿದ ಹೊದಿಕೆ ಕೊಡುವ ಪ್ರಾಜೆಕ್ಟ್ ಲೈನಸ್ ಎಂಬ ಸಂಸ್ಥೆ ಅಮೆರಿಕದಲ್ಲಿ 1995ರಲ್ಲಿ ಶುರುವಾಯಿತು. ಅಂಥ ಕಡೆ ಗಂಟಿನ ಹೊದಿಕೆ ಇಷ್ಟು ಹರಡಿರುವುದು ಏಕೆಂದು ಮಾಡಿ ನೋಡಿದರೆ ತಿಳಿಯುತ್ತದೆ. ಕಲಿಸಬೇಕಾದದ್ದು ಏನೂ ಇಲ್ಲ, ಎಲ್ಲರೂ ಸುತ್ತ ಕೂತು ಮಾಡಬಹುದು.

ದಿನಬಳಕೆಗೆ ಮಾತ್ರ ಇದು ನನಗೆ ಒಗ್ಗಲಿಲ್ಲ. ಗಂಟುಗಳು ಅಂಚಿನಲ್ಲಷ್ಟೇ ಇರುವುದರಿಂದ ನಡುವೆ ಎರಡು ಪದರಕ್ಕೂ ಸಂಬಂಧವೇ ಇಲ್ಲ. ಮಗ್ಗುಲಾದಾಗ ಒಂದು ಹೋಗುತ್ತದೆ, ಇನ್ನೊಂದು ನಿಲ್ಲುತ್ತದೆ. 56 ಇಂಚಿನ ಬಟ್ಟೆಯಲ್ಲಿ ಹೊದೆಯಲು ಸಿಗುವುದು 48 ಇಂಚು. ದೊಡ್ಡವರಿಗೆ ಕಾಲು ಹೊರಗೆ ಬರುತ್ತದೆ, ಹಾಗಾಗಿ ಎರಡೆರಡು ಮೀಟರ್ ತರಬೇಕಾಗುತ್ತದೆ. ಕುಕ್ಕರಗಾಲಲ್ಲಿ ಕೂತು ಓದುವಾಗ ಮೊಣಕಾಲ ಮೇಲೆ ಎಳೆದುಕೊಳ್ಳಲು ಚೆನ್ನ. ಒಂದು ವರ್ಷದೊಳಗಿನ ಕೂಸಿಗೆ ಮಲಗಿಸುವಾಗ ಯಾವ ಸಡಿಲ ಹೊದಿಕೆಯನ್ನೂ ಹಾಕಬಾರದೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಪಟ್ಟಿ ಜೋತಾಡುವ ಇದನ್ನಂತೂ ತೊಟ್ಟಿಲ ಹತ್ತಿರವೂ ಇಡಬೇಡಿ.

ಮಷಿನ್ನಿನದು ಹೆಚ್ಚು ಹೇಳುವಂಥದ್ದಲ್ಲ. ಒಂದೇ ಪದರ, ಒಂದಿಂಚು ಮಡಿಕೆ, ಅದರ ಮೇಲೆ ಜಿಗ್‌ಜಾಗ್. ಬಾಲ್‌ಪಾಯಿಂಟ್ ಸೂಜಿ (ಮೊನೆ ದುಂಡಗಿರುವುದು), 14ನೇ ನಂಬರು. ಹೊಲಿಗೆಯ ಉದ್ದ 3ರಿಂದ 4 ಮಿಲಿಮೀಟರ್ ಇಡಿ. ಚಿಕ್ಕದಾದರೆ ಅಂಚು ಜಗ್ಗಿ ಅಲೆಅಲೆಯಾಗುತ್ತದೆ. ಗುಂಡುಪಿನ್ನು ನವಿರಿನೊಳಗೆ ಕಾಣೆಯಾಗುವುದರಿಂದ ಬಟ್ಟೆ ಒಣಹಾಕುವ ಕ್ಲಿಪ್ಪೇ ಕ್ಷೇಮ. ಮನೆಯಲ್ಲಿ ಮಷಿನ್ ಇಲ್ಲದವರು ಫಾಲ್-ಪೀಕೋ ಮಾಡುವ ಅಂಗಡಿಯಲ್ಲಿ ಸುತ್ತ ಓವರ್‌ಲಾಕ್ ಹಾಕಿಸಿದರೂ ಸಾಕು. ಬೇಗ ಮುಗಿಯುತ್ತದೆ, ಬೇಗ ಒಣಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಎರಡನೆಯ ಗುಣಕ್ಕೆ ಬೆಲೆ ಹೆಚ್ಚು. ಬಸ್ಸಿನ ಪ್ರಯಾಣಕ್ಕೆ, ಹಾಸ್ಟೆಲಿಗೆ ಹೋಗುವ ಮಗಳ ಚೀಲಕ್ಕೆ ಇದನ್ನೇ ಕೊಡುತ್ತೇನೆ.

ಕೊರತೆ ಬಟ್ಟೆಯದೇ. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ. ಬೆಂಗಳೂರಿನ ಡಿಸೆಂಬರಿನಲ್ಲಿ ರಾತ್ರಿ ಹತ್ತಕ್ಕೆ ಹಿತವಾಗಿದ್ದದ್ದು ನಡುರಾತ್ರಿಗೆ ಸೆಖೆಯಾಗಿ, ಒದ್ದು ಸರಿಸಿ, ಬೆಳಗಿನ ಜಾವ ಮತ್ತೆ ಹುಡುಕುವಂತಾಗುತ್ತದೆ. ಒಣ ಹವೆಯಲ್ಲಿ ಕೂದಲಿಗೆ ತಾಗಿ ಚಟಚಟ ಎನ್ನುತ್ತದೆ. ಧಾರವಾಡದಿಂದ ಬಂದಿದ್ದ ನಮ್ಮತ್ತೆ ಇದನ್ನು ಹೊದ್ದು ಎದ್ದವರು, “ಮೈಮ್ಯಾಲೆ ಏನರ ಐತಿ ಅನಿಸಬೇಕವಾ. ಇದು ಗಾಳಿ ಹೊತ್ಕೊಂಡಂಗ ಆಗತೈತಿ” ಅಂದರು. ಕೌದಿ ಹೊದ್ದೇ ಬೆಳೆದವರಿಗೆ ತೂಕವೂ ಬೆಚ್ಚಗಿನ ಒಂದು ಭಾಗ.

ಮೂರನೆಯ ಹೊದಿಕೆ ಆ ಮಾತಿನಿಂದಲೇ ಹುಟ್ಟಿತು. ಮೇಲೆ ಫ್ಲೀಸ್, ಮೈಗೆ ತಾಗುವ ಬದಿಗೆ ಹತ್ತಿ ಸೀರೆ. ಸೀರೆ ಹಳೆಯದೇ ಆಗಬೇಕು. ಹೊಸ ಹತ್ತಿ ಒಗೆದಂತೆ ಕುಗ್ಗುತ್ತದೆ, ಫ್ಲೀಸ್ ಕುಗ್ಗುವುದಿಲ್ಲ, ಎರಡರ ಜಗ್ಗಾಟದಲ್ಲಿ ಹೊದಿಕೆ ಸುಕ್ಕುಗಟ್ಟುತ್ತದೆ. ಅಳತೆಯೂ ಚೆನ್ನಾಗಿ ಕೂಡಿ ಬರುತ್ತದೆ. ಐದೂವರೆ ಮೀಟರಿನ ಸೀರೆಯಲ್ಲಿ 60 ಇಂಚಿನ ಮೂರು ತುಂಡು ಸಿಗುತ್ತವೆ. ಪನ್ನಾ ಸುಮಾರು 45 ಇಂಚು ಇರುವುದರಿಂದ ಮೂರನ್ನೂ ಪಕ್ಕಪಕ್ಕ ಜೋಡಿಸಿ ನಡುವೆ ಮಡಚಿದರೆ ಒಂದೂವರೆ ಮೀಟರಿನ ಫ್ಲೀಸಿಗೆ ಎರಡು ಪದರ ಹತ್ತಿ ಸಿಕ್ಕಿತು, ಸೆರಗು ಉಳಿಯಿತು. ಎರಡು ಮೀಟರಿನ ಹೊದಿಕೆಗೆ ಇನ್ನೊಂದು ಸೀರೆ ಬೇಕಾಗುತ್ತದೆ.

ನೆಲದ ಮೇಲೆ ಹಾಸಿ, ಅಂಗೈಯಿಂದ ಸವರಿ, ಗೇಣಿಗೊಂದು ಸಾಲಿನಂತೆ ಕಚ್ಚಾ ಹೊಲಿಗೆ ಹಾಕಿ. ಇದನ್ನು ಬಿಡುವಂತಿಲ್ಲ. ಆಮೇಲೆ ದೊಡ್ಡ ಸೂಜಿ, ಜೋಡಿ ದಾರ, ಉದ್ದುದ್ದ ರನ್ನಿಂಗ್ ಸ್ಟಿಚ್. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕೌದಿಯನ್ನು ಒಂದು ಮೂಲೆಯಿಂದ ಹಿಡಿದು ಅಂಚಿನ ಗುಂಟ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಚಿಂದಿಗಳನ್ನು ಜೋಡಿಸುತ್ತಲೇ ಸಾಗುವುದರಿಂದ ಸಡಿಲವನ್ನು ಅಲ್ಲಲ್ಲೇ ಸರಿಪಡಿಸಿಕೊಳ್ಳಲು ಬರುತ್ತದೆ. ಜಗ್ಗುವ ಫ್ಲೀಸಿಗೆ ಈ ಕ್ರಮ ಹೊಂದುವುದಿಲ್ಲ, ಸಡಿಲೆಲ್ಲ ನಡುವಿಗೆ ಬಂದು ಉಬ್ಬುತ್ತದೆ. ನಾನು ನಡುವಿನಿಂದ ಹೊರಕ್ಕೆ ಹೊಲಿಯುತ್ತೇನೆ, ಸಾಲಿಗೂ ಸಾಲಿಗೂ ಮೂರು ಬೆರಳ ಅಂತರ. ಅವರ ಕೌದಿಯ ನಾಲ್ಕು ಮೂಲೆಗೆ ಕೂರುವ ತ್ರಿಕೋನದ ‘ಫುಲಾ’ವನ್ನು ಮಾತ್ರ ಪ್ರೀತಿಯಿಂದ ಕಲಿತು ಹಾಕಿದ್ದೇನೆ. ಉಳಿದ ಸೆರಗು ಅದಕ್ಕೇ ಹೋಯಿತು.

ಸಮಯ ಹಿಡಿಯುತ್ತದೆ, ನಿಜ. ಬಿಡುವಾದಾಗ ನಾಲ್ಕು ಸಾಲು ಅಂತ ವಾರಗಟ್ಟಲೆ ನಡೆಯುವ ಕೆಲಸ. ಒಣಗಲೂ ಮಷಿನ್ನಿನದಕ್ಕಿಂತ ಹೆಚ್ಚು ಹೊತ್ತು ಬೇಕು. ಪ್ರತಿಫಲ ಎಂದರೆ ಮೈಗೆ ಹತ್ತಿ ತಾಗುತ್ತದೆ, ಬೆವರು ಅಂಟುವುದಿಲ್ಲ, ಚಟಚಟ ಬಹುಮಟ್ಟಿಗೆ ನಿಂತಿತು, ಪದರಗಳು ಕದಲುವುದಿಲ್ಲ. ಗಾಳಿ ಇರುವ ರಾತ್ರಿ ಫ್ಲೀಸ್ ಒಳಗೆ, ಹತ್ತಿ ಮೇಲೆ ಮಾಡಿ ಹೊದ್ದರೂ ಸರಿಯೇ. ಅತ್ತೆ ಇದನ್ನು ಧಾರವಾಡಕ್ಕೆ ಒಯ್ದರು.

ಮೂರಕ್ಕೂ ಅನ್ವಯಿಸುವ ಒಗೆತದ ನಿಯಮ ಒಂದೇ. ತಣ್ಣೀರು, ಕಡಿಮೆ ಸೋಪು. ಕಂಫರ್ಟ್‌ನಂಥ ಮೆದುಗೊಳಿಸುವ ದ್ರವ ಬೇಡ, ನವಿರಿಗೆ ಮೆತ್ತಿಕೊಳ್ಳುತ್ತದೆ. ಇಸ್ತ್ರಿ ಪೆಟ್ಟಿಗೆ ತಾಗಿಸಲೇಬಾರದು, ಪಾಲಿಯೆಸ್ಟರ್ ಕರಗುತ್ತದೆ. ಅದೇ ಕಾರಣಕ್ಕೆ ದೇವರ ದೀಪ, ರೂಮ್ ಹೀಟರ್‌ಗಳಿಂದಲೂ ದೂರವಿಡಿ. ಕೌದಿಯ ಬಗೆಯದರಲ್ಲಿ ಮೊದಲು ಸವೆಯುವುದು ಸೀರೆ. ಆಗ ಆ ಜಾಗಕ್ಕಷ್ಟೇ ಇನ್ನೊಂದು ತುಂಡು ಹಚ್ಚಿ ಹೊಲಿದರೆ ಆಯಿತು, ಫ್ಲೀಸ್ ಬಿಚ್ಚುವ ಅಗತ್ಯವಿಲ್ಲ.