ಪಂಕ್ಚರ್ ಆದರೆ ಸ್ಟೆಪ್ನಿಯೋ, ಪ್ಲಗ್ ಕಿಟ್ಟೋ, ಗಾಳಿ ಮಷೀನೋ?

ಪುಣೆಯಿಂದ ಎನ್‌ಎಚ್ 48 ಹಿಡಿದು ಬೆಳಗಾವಿಗೆ ಓಡಾಡುವ ನಮ್ಮಂಥವರು ಡಿಕ್ಕಿಯಲ್ಲಿ ಏನಿಟ್ಟುಕೊಳ್ಳಬೇಕು? ಮೂರನ್ನೂ ಬಳಸಿದ್ದೇನೆ. ನಾನು ನೋಡುವುದು ಒಂದೇ: ಹಿಂದೆ ಲಾರಿಗಳು ಭರ್ರೆಂದು ಹೋಗುತ್ತಿರುವಾಗ ರಸ್ತೆಯಂಚಿನಲ್ಲಿ ಎಷ್ಟು ಹೊತ್ತು ಕುಕ್ಕರಗಾಲಲ್ಲಿ ಕೂರಬೇಕು?

ಸ್ಟೆಪ್ನಿ ಹಾಕುವುದು ಎಲ್ಲರಿಗೂ ಗೊತ್ತು, ಆದರೆ ನಟ್ಟು ಬಿಚ್ಚಬೇಕಲ್ಲ! ಟೈರ್ ಅಂಗಡಿಯವರು ಏರ್ ಗನ್ನಿನಲ್ಲಿ ಬಿಗಿದಿದ್ದು ಕಾರಿನ ಜೊತೆ ಬರುವ ಪುಟ್ಟ ಪಾನಾಕ್ಕೆ ಜಗ್ಗುವುದಿಲ್ಲ. ಪ್ಲಸ್ ಆಕಾರದ ಪಾನಾ ಬೇರೆ ಕೊಂಡುಕೊಳ್ಳಿ. ನಟ್ಟು ಸಡಿಲಿಸಿದ ಮೇಲೇ ಜಾಕಿ ಏರಿಸಿ. ಮಳೆಗಾಲದಲ್ಲಿ ಸಾತಾರಾ ಕಡೆಯ ಮೆತ್ತನೆ ಮಣ್ಣಿಗೆ ಜಾಕಿ ಹೂತುಕೊಳ್ಳುತ್ತದೆ, ಅದರ ಕೆಳಗೆ ಹಲಗೆ ತುಂಡು ಬೇಕೇಬೇಕು.

ಪ್ಲಗ್ ಕಿಟ್ ಅಗ್ಗ. ಮೊಳೆ ಕಿತ್ತು, ರೀಮರ್ ಎಂಬ ಒರಟು ಕಡ್ಡಿಯಿಂದ ತೂತು ಉಜ್ಜಿ, ಅಂಟು ಸವರಿದ ರಬ್ಬರ್ ಎಳೆಯನ್ನು ಸೂಜಿಗೆ ಪೋಣಿಸಿ ಒತ್ತಬೇಕು. ವಿಡಿಯೋದಲ್ಲಿ ಚೆಂದ, ಕತ್ತಲಲ್ಲಿ, ಹಿಂದಿನ ಚಕ್ರದಲ್ಲಿ, ರೆಟ್ಟೆ ಬಿದ್ದುಹೋಗುತ್ತದೆ. ಮುಂದಿನ ಚಕ್ರವಾದರೆ ಸ್ಟೀರಿಂಗ್ ತಿರುಗಿಸಿ ಜಾಗ ಮಾಡಿಕೊಳ್ಳಬಹುದು. ಕೊನೆಗೂ ಗಾಳಿ ತುಂಬಲು ಮಷೀನು ಬೇಕೇ.

ನನ್ನ ವೋಟು ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸುವ ಗಾಳಿ ಮಷೀನಿಗೆ. ಟ್ಯೂಬ್‌ಲೆಸ್ ಟೈರಿಗೆ ಹೊಕ್ಕ ಮೊಳೆ ಎಷ್ಟೋ ಸಲ ತಾನೇ ಬಿರಡೆಯಾಗಿ ಗಾಳಿ ತಡೆಯುತ್ತದೆ. ಅದನ್ನು ಕೀಳಬೇಡಿ. ಎಂಜಿನ್ ಚಾಲೂ ಇಟ್ಟು ಗಾಳಿ ತುಂಬಿ, ನಿಧಾನ ಓಡಿಸಿಕೊಂಡು ಮುಂದಿನ ಪೆಟ್ರೋಲ್ ಬಂಕಿನ ಬೆಳಕಿಗೆ ಹೋಗಿ, ಉಳಿದಿದ್ದು ಅಲ್ಲಿ. ವಾಲ್ವಿಗೆ ಪೈಪು ಸಿಕ್ಕಿಸಿದರೆ ನಮ್ಮ ಕೆಲಸ ಮುಗಿಯಿತು, ತಡೆಗೋಡೆಯ ಆಚೆ ನಿಂತು ಕಾಯಬಹುದು. ಬ್ಯಾಟರಿಯದ್ದು ಬೇಡ, ಬೇಕಾದಾಗಲೇ ಚಾರ್ಜ್ ಇರುವುದಿಲ್ಲ. ವೈರು ಹಿಂದಿನ ಚಕ್ರದವರೆಗೆ ಮುಟ್ಟುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ.

ಆದರೆ ಟೈರಿನ ಪಕ್ಕೆ ಹರಿದರೆ ಮಷೀನೂ ಇಲ್ಲ, ಕಿಟ್ಟೂ ಇಲ್ಲ, ಸ್ಟೆಪ್ನಿಯೇ ಗತಿ. ಟ್ಯೂಬ್‌ಲೆಸ್ ಟೈರು, ಗಾಳಿ ಒತ್ತಡ ತೋರಿಸುವ ವ್ಯವಸ್ಥೆ, ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ನಿಯಮ ಬದಲಾಯಿತು. ಕಂಪನಿಗಳಿಗೆ ಖರ್ಚು ಉಳಿಯಿತು, ಘಾಟಿನಲ್ಲಿ ನಿಲ್ಲುವವರು ನಾವು. ಅಂಥ ಕಾರಿನವರು ರಾಷ್ಟ್ರೀಯ ಹೆದ್ದಾರಿಯ 1033 ಸಹಾಯವಾಣಿಯನ್ನು ಫೋನಿನಲ್ಲಿ ಉಳಿಸಿಕೊಂಡಿರಿ.

ಯಾವುದೇ ಇರಲಿ, ಕೆಂಪು ತ್ರಿಕೋನವನ್ನು ಸಾಕಷ್ಟು ಹಿಂದಕ್ಕೆ ಇಡಿ. ಅದರ ಬದಲು ಕಲ್ಲು ಜೋಡಿಸಿ ಹಾಗೇ ಬಿಟ್ಟುಹೋಗುವವರಿಗೆ ಏನು ಹೇಳುವುದೋ!

ನನ್ನ ಡಿಕ್ಕಿಯಲ್ಲಿ ಈಗ ಸ್ಟೆಪ್ನಿ, ಮಷೀನು ಎರಡೇ. ಪ್ಲಗ್ ಕಿಟ್ ಮಗನ ಬೈಕಿಗೆ ಹೋಯಿತು. ಅದರಲ್ಲಿ ಸ್ಟೆಪ್ನಿ ಇಲ್ಲವಲ್ಲ.