ಅಜ್ಜಿಯ ಅಪ್ಪನ್ನ ಹುಡುಕಿದ್ದು: ವಾರ್ ಗ್ರೇವ್ಸ್ ಕಮಿಷನ್ ವೆಬ್‌ಸೈಟ್ ಹೆಂಗೈತಿ, ಬಳ್ಳಾರಿ ಕಡೆಯವ್ರು ಹೆಂಗ ಹುಡುಕಬೇಕು

ಮೊದ್ಲೇ ಹೇಳಿಬಿಡ್ತೀನಿ, ಮಹಾಯುದ್ಧದಾಗ ಸತ್ತ ಸೈನಿಕರ ಹೆಸರು ಹುಡುಕೋ ಈ ವೆಬ್‌ಸೈಟ್ ಪೂರ್ತಿ ಫ್ರೀ ಐತಿ, ಯಾರಿಗೂ ಒಂದ್ ರೂಪಾಯಿ ಕೊಡಬ್ಯಾಡ್ರಿ. ನಾನು ಇದು ಗೊತ್ತಾಗೋಕ್ಕಿಂತ ಮುಂಚೆ ಒಬ್ಬ ಏಜೆಂಟ್‌ಗೆ 4,500 ಕೊಟ್ಟು ಕುಂತಿದ್ದೆ. "ಹಳೇ ಮಿಲಿಟರಿ ರೆಕಾರ್ಡ್ ತೆಗೆಸಿಕೊಡ್ತೀನ್ರಿ, ಲಂಡನ್‌ದಾಗ ನಮ್ಮವ್ರು ಅದಾರ" ಅಂದಿದ್ದ. ಒಂದ್ ತಿಂಗಳು ನಾಳೆ ಬಾ, ಆಮೇಲೆ ಫೋನ್ ಸ್ವಿಚ್ ಆಫ್. ಹೆಸರು ಬ್ಯಾಡ ಬಿಡ್ರಿ, ರೊಕ್ಕ ಹೋತು, ಬುದ್ಧಿ ಬಂತು.

ವಿಷಯ ಏನಂದ್ರ, ನಮ್ದು ಸಿರುಗುಪ್ಪ ಕಡೆ ಹಳ್ಳಿ. ನಮ್ಮಜ್ಜಿ ಅಂಬೆಗಾಲು ಇಡೋ ಕೂಸಿದ್ದಾಗ ಅವ್ರಪ್ಪ ಮಿಲಿಟರಿ ಸೇರಿ ಹೋದಾವ್ರು ಮತ್ತ ಬರಲಿಲ್ಲ. ಮನ್ಯಾಗ ಇದ್ದ ಸುದ್ದಿ ಇಷ್ಟೇ, ಲಾರಿ ಹೊಡೀತಿದ್ದ, ಸಿಂಗಾಪುರಕ್ಕ ಹೋಗಿದ್ದ, ಜಪಾನಿನವ್ರು ಹಿಡಕೊಂಡ್ರು. ಊರ ಮಂದಿ ಬ್ಯಾರೆ ಹೇಳ್ತಿದ್ರು, ಬರ್ಮಾದಾಗ ಇನ್ನೊಂದು ಮದುವಿ ಆಗಿ ಆರಾಮ ಅದಾನ ಅಂತ. ಹೆಣ ಬಂದಿಲ್ಲ ಅಂದ್ಮ್ಯಾಲೆ ಬಳಿ ಯಾಕ ಒಡೀಬೇಕು ಅಂತ ನಮ್ಮ ಮುತ್ತಜ್ಜಿ ಸಾಯೋತನಕ ತಾಳಿ ತೆಗೀಲಿಲ್ಲ, ಕುಂಕುಮ ಅಳಿಸಲಿಲ್ಲ. ಹಿರೇರ ಹಬ್ಬದಾಗ ಗಂಡಗ ಎಡಿ ಇಡಾಕೂ ಬಿಡ್ತಿರಲಿಲ್ಲಂತ.

ಈ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅನ್ನೋದು ಇಂಥವ್ರ ಹೆಸರು ಕಾಯೋ ಸಂಸ್ಥೆ. 1917ರಾಗ ಶುರುವಾತು. ಫೇಬಿಯನ್ ವೇರ್ ಅನ್ನಾವ ರೆಡ್ ಕ್ರಾಸ್ ಗಾಡಿಗಳ ಜೊತಿ ಫ್ರಾನ್ಸಿಗೆ ಹೋಗಿ, ಸತ್ತವ್ರನ್ನ ಎಲ್ಲೆಲ್ಲಿ ಹೂಳ್ತಾರ ಅಂತ ಬರೆದಿಡಾಕ ಹತ್ತಿದ್ದು ಇಲ್ಲಿಗೆ ಬಂದು ನಿಂತೈತಿ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಮತ್ತ ನಮ್ಮ ಭಾರತ, ಆರು ಸರ್ಕಾರ ಸೇರಿ ಖರ್ಚು ಹಾಕ್ತಾವ, ತಮ್ಮ ತಮ್ಮ ಸೈನಿಕರ ಸಮಾಧಿ ಎಷ್ಟದಾವ ಅನ್ನೋ ಲೆಕ್ಕದಾಗ. 150ಕ್ಕಿಂತ ಹೆಚ್ಚು ದೇಶದಾಗ ಕೆಲಸ, 17 ಲಕ್ಷ ಮಂದಿ ಹೆಸರು. ಮೊದಲನೇ ಯುದ್ಧಕ್ಕ 1914ರಿಂದ 1921 ಆಗಸ್ಟ್ ತನಕ, ಎರಡನೇದಕ್ಕ 1939ರಿಂದ 1947 ಡಿಸೆಂಬರ್ ತನಕ ಸತ್ತವ್ರು ಇದ್ರಾಗ ಬರ್ತಾರ. ಅದಾದಮ್ಯಾಲಿನ 62, 65, 71ರ ಯುದ್ಧದವ್ರು ಇಲ್ಲಿ ಸಿಗಂಗಿಲ್ಲ, ಅವ್ರ ಹೆಸರು ದಿಲ್ಲಿ ನ್ಯಾಷನಲ್ ವಾರ್ ಮೆಮೋರಿಯಲ್‌ದಾಗ ನೋಡ್ಬೇಕು.

ಈಗ ಮುಖ್ಯ ವಿಷಯ, ಹುಡುಕೋದು ಹೆಂಗ. ನಾನು ಮೊದಲನೇ ದಿನ ಹೆಸರು ಹಾಕಿದೆ, ನೂರಾರು ಬಂದ್ವು, ಒಂದೂ ನಮ್ಮವರಲ್ಲ. ಎರಡನೇ ದಿನ ಬಳ್ಳಾರಿ ಅಂತ ಈಗಿನ ಸ್ಪೆಲಿಂಗ್ ಹಾಕಿದೆ, ಏನೂ ಬರಲಿಲ್ಲ. ತಪ್ಪು ನಂದೇ, ಬಿ ಎ ಎಲ್ ಎಲ್ ಅಂತ ಆಗಿದ್ದು 2014ರ ನವೆಂಬರ್‌ದಾಗ, ಆಗಿನ ಗುಮಾಸ್ತ ಬರೆದದ್ದು ಬಿ ಇ ಎಲ್ ಎಲ್ ಎ ಆರ್ ವೈ. ಅಡಿಷನಲ್ ಇನ್‌ಫರ್ಮೇಷನ್ ಅಂತ ಒಂದು ಡಬ್ಬಿ ಐತಿ, ಊರು, ಅಪ್ಪನ ಹೆಸರು, ಹೆಂಡ್ತಿ ಹೆಸರು ಇರೋದು ಅದ್ರಾಗೇ, ಅಲ್ಲಿ ಹಳೇ ಸ್ಪೆಲಿಂಗ್ ಹಾಕಿ, ಯಾವ ದೇಶದ ಸೈನ್ಯ ಅಂತ ಕೇಳೋ ಕಡೆ ಇಂಡಿಯನ್ ಆರಿಸ್ಕೊಂಡ್ರ ಲಿಸ್ಟ್ ಬಿಚ್ಚಿಕೊಳ್ತೈತಿ. ಹೊಸಪೇಟಿಯವ್ರು ಹಾಸ್ಪೇಟ್ ಅಂತ ಹಾಕ್ರಿ. ಕೊಪ್ಪಳದವ್ರು ಕೊಪ್‌ಬಾಳ್ ಅಂತನೂ ಒಮ್ಮೆ ಹಾಕಿ ನೋಡ್ರಿ, ನಿಜಾಮರ ಕಾಲದ ಕಾಗದದಾಗ ಹಂಗೇ ಇರ್ತಿತ್ತು. ಬಳ್ಳಾರಿ 1953ರ ತನಕ ಮದ್ರಾಸಿನ್ಯಾಗ ಇತ್ತು, ರಾಯಚೂರು ಕೊಪ್ಪಳ ಹೈದರಾಬಾದಿನ್ಯಾಗ ಇದ್ವು, ಅದು ನೆನಪಿರಲಿ. ಸಂಸ್ಥಾನಗಳ ಸೈನ್ಯದವ್ರೂ ಆ ಯುದ್ಧಕ್ಕ ಹೋಗಿದ್ರು, ಹೈದರಾಬಾದ್ ಇನ್‌ಫೆಂಟ್ರಿ ಮಲಯಾದಾಗ ಏರೋಡ್ರೋಮ್ ಕಾಯಾಕ ಹೋಗಿತ್ತು, ಮೈಸೂರು ಇನ್‌ಫೆಂಟ್ರಿನೂ ಸಿಂಗಾಪುರದಾಗ ಇತ್ತು.

ನಮಗ ದಾರಿ ತೋರಿಸಿದ್ದು ಒಂದು ಮೆಡಲ್. ಆ ಕಾಲದಾಗ ಇಂಡಿಯನ್ ಆರ್ಮಿಯವ್ರ ಮೆಡಲ್ ಮ್ಯಾಲೆ ನಂಬರ್ ಹೆಸರು ಒತ್ತಿ ಕೊಡ್ತಿದ್ರು. ಆದ್ರ ನಮ್ಮಜ್ಜಿ ಪ್ರತಿ ದೀಪಾವಳಿಗೂ ದೇವರ ಸಾಮಾನಿನ ಜೊತಿ ಅದನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಹಿಂದಿನ ಅಕ್ಷರ ಅರ್ಧ ಸವೆದು ಹೋಗಿತ್ತು! ಮೊಬೈಲ್ ಟಾರ್ಚ್ ಅಡ್ಡ ಹಿಡಿದು ನೋಡಿದ್ರ ಕಡೇ ಮೂರು ಅಂಕಿ ಕಂಡ್ವು. ನಿಮ್ಮನ್ಯಾಗ ಇದ್ರ ದಯವಿಟ್ಟು ತಿಕ್ಕಬ್ಯಾಡ್ರಿ, ಹಂಗೇ ಇಡ್ರಿ.

ಲಿಸ್ಟಿನ್ಯಾಗ ಒಂದೊಂದೇ ತೆಗೆದು ನೋಡ್ತಾ ಹೋದೆ, ರಾತ್ರಿ ಹನ್ನೊಂದೂವರೆ ಇರ್ಬೇಕು, ಒಂದ್ ಕಡೆ ಕಡೇ ಮೂರು ಅಂಕಿ ಕೂಡಿದ್ವು. ಹೆಸರಿನ್ಯಾಗ ಒಂದು ಅಕ್ಷರ ಹೆಚ್ಚಿಗಿ, ಕೊನಿಗೆ "ಅಪ್ಪ" ಅನ್ನೋದು ಇಲ್ಲ, ಆದ್ರ ಅವ್ರಪ್ಪನ ಹೆಸರು ಸರಿ, ಹಳ್ಳಿ ಹೆಸರು ಸರಿ, ಮುತ್ತಜ್ಜಿ ಹೆಸರು ಸರಿ. ಸಿಪಾಯಿ, ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್, ಅಂದ್ರ ಸೈನ್ಯಕ್ಕ ಸಾಮಾನು ಸಾಗಿಸೋ ದಳ. ಲಾರಿ ಹೊಡೀತಿದ್ರು ಅನ್ನೋದು ಸುಳ್ಳಲ್ಲ ಹಂಗಾರ. ಸಿಂಗಾಪುರ ಮೆಮೋರಿಯಲ್ (ಸಮಾಧಿ ಇಲ್ದವ್ರ ಹೆಸರು ಕೆತ್ತಿದ ಸ್ಮಾರಕ), ಕಾಲಂ ನಂಬರ್ ಇಷ್ಟು. ತಾರೀಖು 1942 ಫೆಬ್ರವರಿ 15, ಸಿಂಗಾಪುರ ಬಿದ್ದ ದಿನ. ಕಾಣೆಯಾದವ್ರಿಗೆ ಎಷ್ಟೋ ಸಲ ಇಂಥದೊಂದು ಅಂದಾಜು ತಾರೀಖೇ ಹಾಕಿರ್ತಾರ, ಅದಕ್ಕ ಅವತ್ತೇ ಹೋದ್ರೋ, ಕ್ಯಾಂಪಿನ್ಯಾಗ ಆಮೇಲೆ ಹೋದ್ರೋ ನಾನು ಹೇಳಾಕ ಆಗಂಗಿಲ್ಲ. ಆದ್ರ ಬರ್ಮಾದ ಎರಡನೇ ಮದುವಿ ಕತಿಗೆ ಮಾತ್ರ ಮಣ್ಣು ಬಿತ್ತು.

ಒಂದು ತಿಳ್ಕೊಳ್ರಿ, ಕಮಿಷನ್ ತಾನಾಗೇ ಎಲುಬು ಹುಡುಕಾಕ ಹೋಗಂಗಿಲ್ಲ. ಸಿಕ್ಕವ್ರಿಗೆ ಸಮಾಧಿ, ಸಿಗದವ್ರಿಗೆ ಕಲ್ಲಿನ ಮ್ಯಾಲೆ ಹೆಸರು, ಅಷ್ಟು ಅವ್ರ ಕೆಲಸ. ಸಿಕ್ಕದ್ದೂ ಐತಿ. 2016ರಾಗ ಫ್ರಾನ್ಸಿನ ರಿಶ್‌ಬೂರ್ ಹತ್ರ ನೆಲ ಅಗೆಯುವಾಗ ಇಬ್ರು ಸೈನಿಕರ ಅವಶೇಷ ಸಿಕ್ವು, ಭುಜದ ಬಿಲ್ಲೆ ಮ್ಯಾಲೆ 39 ಅಂತ ಇದ್ದದ್ದಕ್ಕ ಗಢವಾಲ್ ರೈಫಲ್ಸ್‌ದವ್ರು ಅಂತ ಗೊತ್ತಾತು, ಮರುವರ್ಷ ನವೆಂಬರ್‌ದಾಗ ಲಾವಂತಿಯ ಮಿಲಿಟರಿ ಸ್ಮಶಾನದಾಗ ಮರ್ಯಾದಿಯಿಂದ ಹೂಳಿದ್ರು, ಇಲ್ಲಿಂದ ಗಢವಾಲ್ ರೆಜಿಮೆಂಟಿನವ್ರೇ ಹೋಗಿದ್ರು. ಹುಡುಕೋ ಕೆಲಸನೇ ಬ್ಯಾರೆ, ಅದು ಅಮೆರಿಕಾದವ್ರದ್ದು ಜೋರು, ಅರುಣಾಚಲ ಗುಡ್ಡದಾಗ ಎರಡನೇ ಯುದ್ಧದಾಗ ಬಿದ್ದ ವಿಮಾನದ ತಮ್ಮ ಮಂದಿನ್ನ ಇನ್ನೂ ಹುಡುಕ್ತಾರ, ಗಾಂಧಿನಗರದ ಫೊರೆನ್ಸಿಕ್ ಯೂನಿವರ್ಸಿಟಿನೂ ಅವ್ರ ಜೊತಿ ಕೈ ಹಾಕೈತಿ.

ಈ ವೆಬ್‌ಸೈಟಿಗೆ ಐದರಾಗ ಒಂದು ಸ್ಟಾರ್ ಯಾಕ ಕಡಿಮಿ ಕೊಡ್ತೀನಿ ಅಂದ್ರ, ಮೊದಲನೇ ಯುದ್ಧದ ನಮ್ಮ ಮಂದಿ ವಿಷಯಕ್ಕ. ಇರಾಕಿನ ಬಸ್ರಾ ಮೆಮೋರಿಯಲ್‌ದಾಗ ಬಿಳಿ ಸೈನಿಕರ ಹೆಸರು ಕೆತ್ಯಾರ, ನಮ್ಮ ಸಾದಾ ಸಿಪಾಯಿಗಳದ್ದು ರೆಜಿಮೆಂಟ್ ಹೆಸರು, ಎಷ್ಟು ಮಂದಿ ಅನ್ನೋ ಲೆಕ್ಕ, ಮುಗೀತು. 2021ರಾಗ ಕಮಿಷನ್ನೇ ರಿಪೋರ್ಟ್ ಹೊರಗ ಹಾಕಿ ಕ್ಷಮೆ ಕೇಳ್ತು. ಕನಿಷ್ಠ 1,16,000 ಮಂದಿ, ಆಫ್ರಿಕಾದವ್ರೇ ಹೆಚ್ಚು, ಹೆಸರಿಲ್ದಂಗ ಉಳಿದಿರ್ಬೇಕು ಅಂತ ಅದ್ರಾಗೇ ಐತಿ. ನೂರು ವರ್ಷ ಆದ್ಮ್ಯಾಲೆ ಒಪ್ಪಿಕೊಂಡ್ರು, ತಡ, ಆದ್ರ ತಾವೇ ಕೆದಕಿ ತೆಗೆದ್ರಲ್ಲ, ಅದಕ್ಕ ಎರಡನೇ ಸ್ಟಾರ್ ಕಡಿಮಿ ಮಾಡಲಿಲ್ಲ.

ಇದೆಲ್ಲ ಓದ್ತಾ ಇನ್ನೊಂದು ಸಿಕ್ತು. ಮೊದಲನೇ ಯುದ್ಧದಾಗ ನಮ್ಮ ಬಳ್ಳಾರಿಯಾಗೇ ತುರ್ಕಿ ಕೈದಿಗಳ ಕ್ಯಾಂಪ್ ಇತ್ತಂತ, 1917ರಾಗ ರೆಡ್ ಕ್ರಾಸ್‌ದವ್ರು ಬಂದು ನೋಡಿ ಹೋಗ್ಯಾರ. ರೆಡ್ ಕ್ರಾಸ್‌ದವ್ರು ಆ ಯುದ್ಧದ ಕೈದಿಗಳ 50 ಲಕ್ಷ ಕಾರ್ಡ್ ಆನ್‌ಲೈನ್ ಇಟ್ಟಾರ, ಅದೂ ಫ್ರೀ. ಇಸ್ತಾಂಬುಲ್‌ದಾಗ ಯಾವನೋ ಮೊಮ್ಮಗ ರಾತ್ರಿ ಕುಂತು ನಮ್ಮೂರ ಸ್ಪೆಲಿಂಗ್ ತಪ್ಪು ಹೊಡೀತಿರ್ತಾನ, ಅವಂಗೂ ಯಾರಾದ್ರೂ ಹೇಳ್ರಪ್ಪಾ.

ನಮ್ಮ ಅತ್ತಿ ಮಗ ಸಿಂಗಾಪುರದಾಗ ಕೆಲಸಕ್ಕ ಅದಾನ, ಅವಂಗ ಕಾಲಂ ನಂಬರ್ ಕಳಿಸಿದೆ, ಭಾನುವಾರ ಹೋಗಿ ವಿಡಿಯೋ ಕಾಲ್ ಮಾಡಿದ. ಆ ಮೆಮೋರಿಯಲ್ ಕ್ರಾಂಜಿ ಮೆಟ್ರೋ ಸ್ಟೇಷನ್‌ಗೆ ಹತ್ರನೇ ಐತಂತ, ಹುಲ್ಲು ಎಷ್ಟು ಸ್ವಚ್ಛ ಅಂತೀರಿ, ಕಂಬದಂಥ ಗೋಡಿ ಮ್ಯಾಲೆ 24,000ಕ್ಕಿಂತ ಹೆಚ್ಚು ಹೆಸರು, ಬಿಳಿಯರು, ನಮ್ಮವ್ರು, ಎಲ್ಲಾ. ಅವ ಬೆರಳಿಟ್ಟು ತೋರಿಸಿದ. ಅಜ್ಜಿಗೆ ಇಂಗ್ಲಿಷ್ ಬರಂಗಿಲ್ಲ, ಮೊಬೈಲ್ ಕಣ್ಣಿಗೆ ಹತ್ರ ಹಿಡ್ಕೊಂಡು "ನೆರಳೈತೇನೋ ಅಲ್ಲಿ?" ಅಂದ್ಳು. ಐತಿ ಅಜ್ಜಿ, ಮ್ಯಾಲೆ ಚಾವಣಿ ಐತಿ ಅಂದ. ಈ ವರ್ಷ ಹಿರೇರ ಹಬ್ಬಕ್ಕ ಎಡಿ ಇಟ್ವಿ, ಅವ್ರವ್ವನ ಫೋಟೋ ಪಕ್ಕದಾಗ.

ಪೇಜಿನ್ಯಾಗೇ ಹೆಸರಿರೋ ಸರ್ಟಿಫಿಕೇಟ್ ಡೌನ್‌ಲೋಡ್ ಮಾಡ್ಕೋಬಹುದು. ಕಲರ್ ಪ್ರಿಂಟ್ ತೆಗೆಸ್ರಿ, ಲ್ಯಾಮಿನೇಷನ್ ಬ್ಯಾಡ, ದೀಪದ ಬೆಳಕು ಬಿದ್ರ ಹೊಳೀತೈತಿ, ಹೆಸರು ಕಾಣಂಗಿಲ್ಲ, ಗ್ಲಾಸ್ ಫ್ರೇಮ್ ಹಾಕಿಸ್ರಿ.